ಒಂದೂವರೆ ಕಿಲೋದೊಳಗಿನ ಕೂಸಿನ ಮಿದುಳು: ಆಸ್ಪತ್ರೆಯಲ್ಲೂ ಬಾಣಂತಿ ಕೋಣೆಯಲ್ಲೂ ಕಾಯಬೇಕಾದ್ದು

ಎಸ್‌ಎನ್‌ಸಿಯು, ಅಂದರೆ ನವಜಾತ ಶಿಶುಗಳ ವಿಶೇಷ ಆರೈಕೆ ಘಟಕದ ಬಾಗಿಲ ಹೊರಗೆ ಕಾಯುವ ಮನೆಯವರ ಮಾತೆಲ್ಲ ತೂಕದ ಸುತ್ತಲೇ ಇರುತ್ತದೆ. ನಿನ್ನೆ ಎಷ್ಟಿತ್ತು, ಇವತ್ತು ಎಷ್ಟಾಯಿತು, ಎರಡು ಕಿಲೋ ಯಾವಾಗ ಆದೀತು. ತೂಕ ಮುಖ್ಯವೇ, ಅನುಮಾನವಿಲ್ಲ. ಆದರೆ ಅದೇ ದಿನಗಳಲ್ಲಿ ಕೂಸಿನ ತಲೆಯೊಳಗೆ ನಡೆಯುವ ಕೆಲಸ ಯಾವ ತಕ್ಕಡಿಯಲ್ಲೂ ಕಾಣುವುದಿಲ್ಲ. ದಿನ ತುಂಬದೆ ಹುಟ್ಟಿದ ಕೂಸಿನ ಮಿದುಳು ಬಸಿರಿನ ಕೊನೆಯ ಮೂರು ತಿಂಗಳಲ್ಲಿ ಬೆಳೆಯಬೇಕಾದ್ದನ್ನು ಈಗ ಹೊರಗೆ, ಗದ್ದಲ ಬೆಳಕು ಸೂಜಿಗಳ ನಡುವೆ ಬೆಳೆದುಕೊಳ್ಳಬೇಕು. ಅದಕ್ಕೆ ನೆರವಾಗುವ ಸಂಗತಿಗಳಲ್ಲಿ ಬಹುಪಾಲು ನಮ್ಮ ಕೈಯಲ್ಲೇ ಇವೆ: ಮೈಬಿಸಿ, ತಾಯಿಹಾಲು, ನಿದ್ದೆ, ರಕ್ತದ ಸಕ್ಕರೆ, ನಿಲ್ಲದ ಉಸಿರು. ಇವುಗಳಲ್ಲಿ ಯಾವುದು ಎಲ್ಲಿ ಕೆಡುತ್ತದೆ, ಏಕೆ ಕೆಡುತ್ತದೆ ಎಂಬುದನ್ನು ಬಳ್ಳಾರಿ, ರಾಯಚೂರು, ಕೊಪ್ಪಳದ ಮನೆಗಳನ್ನು ಕಣ್ಣ ಮುಂದಿಟ್ಟುಕೊಂಡು ಬರೆಯುತ್ತಿದ್ದೇವೆ.

ತೂಕದ ಜೊತೆ ವಾರವೂ ಗೊತ್ತಿರಬೇಕು

ಹುಟ್ಟಿದಾಗ 2,500 ಗ್ರಾಂಗಿಂತ ಕಡಿಮೆ ಇದ್ದರೆ ಕಡಿಮೆ ತೂಕ, 1,500 ಗ್ರಾಂಗಿಂತ ಕಡಿಮೆ ಇದ್ದರೆ ಅತಿ ಕಡಿಮೆ ತೂಕ ಎಂದು ಲೆಕ್ಕ. 1,000 ಗ್ರಾಂ ಒಳಗಿನವು ಇನ್ನೂ ನಾಜೂಕು. ಆದರೆ ‘1,400 ಗ್ರಾಂ’ ಎಂದಷ್ಟೇ ಹೇಳಿದರೆ ಮಿದುಳಿನ ಬಗ್ಗೆ ಅರ್ಧ ವಿಷಯ ಮಾತ್ರ ಗೊತ್ತಾಗುತ್ತದೆ. 30 ವಾರಕ್ಕೆ ಹುಟ್ಟಿದ 1,400 ಗ್ರಾಂನ ಕೂಸು ತನ್ನ ವಾರಕ್ಕೆ ತಕ್ಕ ತೂಕದ್ದೇ. ಅದರ ಮುಖ್ಯ ಅಪಾಯ ಮಿದುಳಿನೊಳಗೆ ರಕ್ತ ಸೋರುವುದು ಮತ್ತು ಉಸಿರು ನಿಂತು ನಿಂತು ಬರುವುದು. 36 ವಾರಕ್ಕೆ ಹುಟ್ಟಿದ 1,400 ಗ್ರಾಂನ ಕೂಸು ಹೊಟ್ಟೆಯೊಳಗೇ ಸೊರಗಿದ್ದು. ಮಾಸಿನಿಂದ ಸಾಕಷ್ಟು ರಕ್ತ ಬರದಿದ್ದಾಗ ಕೂಸಿನ ದೇಹ ಇದ್ದದ್ದರಲ್ಲೇ ಮಿದುಳಿಗೆ ಮೊದಲ ಪಾಲು ಕೊಡುತ್ತದೆ. ಹೀಗಾಗಿ ಮೈಕೈ ತೀರಾ ಸಣ್ಣಗಾಗಿ ತಲೆ ಮಾತ್ರ ದೊಡ್ಡದಾಗಿ ಕಾಣುತ್ತದೆ. ಇಂಥ ಕೂಸಿಗೆ ಸಕ್ಕರೆ ಇಳಿಯುವ, ರಕ್ತ ಗಟ್ಟಿಯಾಗುವ ಭಯ ಹೆಚ್ಚು. ತಲೆಯೂ ಸಣ್ಣದಾಗಿದ್ದರೆ ಸೊರಗಿದ್ದು ಬಹಳ ಮೊದಲೇ ಶುರುವಾಗಿದೆ ಎಂದುಕೊಳ್ಳಬೇಕು.

ವಾರ ಸರಿಯಾಗಿ ತಿಳಿಯಬೇಕಾದರೆ ಮೊದಲ ಮೂರು ತಿಂಗಳೊಳಗಿನ ಸ್ಕ್ಯಾನಿಂಗ್ ಬೇಕು. ಅದು ಹೆಚ್ಚೆಂದರೆ ಒಂದು ವಾರ ಆಚೀಚೆ ಆದೀತು. ಎಂಟನೇ ತಿಂಗಳಲ್ಲಿ ಮಾಡಿಸಿದ್ದು ಮೂರು ವಾರದಷ್ಟು ತಪ್ಪಬಹುದು. ತಾಯಿ ಕಾರ್ಡಿನಲ್ಲಿ ಕೊನೆಯ ಮುಟ್ಟಿನ ದಿನಾಂಕ ಬರೆಸಿರುವುದು, ಆ ಮೊದಲ ಸ್ಕ್ಯಾನಿಂಗ್ ಚೀಟಿ ಇಟ್ಟುಕೊಂಡಿರುವುದು ಇದಕ್ಕೇ ಬೇಕು.

‘ಏಳು ತಿಂಗಳಿಂದು ಉಳಿತೈತಿ, ಎಂಟು ತಿಂಗಳಿಂದು ಉಳಿಯಂಗಿಲ್ಲ’ ಎಂಬ ಮಾತು ಹಳ್ಳಿಗಳಲ್ಲಿ ಇನ್ನೂ ಇದೆ. ಅದು ನಿಜವಲ್ಲ. ಹೊಟ್ಟೆಯೊಳಗೆ ಒಂದೊಂದು ವಾರ ಹೆಚ್ಚು ಕಳೆದಷ್ಟೂ ಕೂಸಿಗೂ ಅದರ ಮಿದುಳಿಗೂ ಒಳ್ಳೆಯದೇ. ಆ ಮಾತು ನಂಬಿ ಎಂಟು ತಿಂಗಳ ಕೂಸಿನ ಆಸೆ ಬಿಟ್ಟು ಕೂತರೆ ಉಳಿಯಬಹುದಾದ ಜೀವ ಹೋಗುತ್ತದೆ.

ತಲೆಯೊಳಗೆ ಏನು ನಡೆಯುತ್ತಿರುತ್ತದೆ

24 ವಾರದಲ್ಲಿ ಮಿದುಳಿನ ಮೇಲ್ಮೈ ಬಹುಮಟ್ಟಿಗೆ ನುಣುಪಾಗಿರುತ್ತದೆ. ಅಲ್ಲಿಂದ 40 ವಾರದೊಳಗೆ ಮಡಿಕೆಗಳು ಒಂದರ ಮೇಲೊಂದು ಮೂಡುತ್ತ ಹೋಗುತ್ತವೆ. ಹೊರಪದರದ ಬೂದುಭಾಗ 29 ವಾರದಿಂದ ದಿನ ತುಂಬುವಷ್ಟರಲ್ಲಿ ಸುಮಾರು ನಾಲ್ಕು ಪಟ್ಟಾಗುತ್ತದೆ. 34 ವಾರದ ಮಿದುಳು ದಿನ ತುಂಬಿದ ಕೂಸಿನ ಮಿದುಳಿನ ಸುಮಾರು 65% ತೂಕ ಇರುತ್ತದೆ ಅಷ್ಟೇ. ‘34 ವಾರ ಆಗೈತಲ್ಲ, ಇನ್ನೇನು’ ಎನ್ನುವವರು ಈ ಲೆಕ್ಕ ನೆನಪಿಡಬೇಕು.

ಈ ಹೊತ್ತಿನ ಮಿದುಳಿನಲ್ಲಿ ಎರಡು ಜಾಗ ಬಹಳ ನಾಜೂಕು. ಮೊದಲನೆಯದು ಮಿದುಳಿನ ನೀರುಕೋಣೆಗಳ ಅಂಚಿನಲ್ಲಿರುವ ಪದರ. ಹೊಸ ನರಕೋಶಗಳು ಹುಟ್ಟುವುದು ಅಲ್ಲೇ. ಅಲ್ಲಿನ ರಕ್ತನಾಳಗಳ ಗೋಡೆ ತೀರಾ ತೆಳು, ರಕ್ತದೊತ್ತಡ ಸ್ವಲ್ಪ ಏರಿಳಿದರೂ ಒಡೆಯಬಹುದು. 32-34 ವಾರದ ಹೊತ್ತಿಗೆ ಈ ಪದರ ತಾನಾಗಿಯೇ ಕರಗುವುದರಿಂದ ಆಮೇಲೆ ಹುಟ್ಟಿದವರಲ್ಲಿ ಈ ರಕ್ತಸ್ರಾವ ಅಪರೂಪ.

ಎರಡನೆಯದು ಬಿಳಿಭಾಗ. ನರತಂತುಗಳಿಗೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಬರಬೇಕು. ವೈರಿನ ಮೇಲಿನ ಪ್ಲಾಸ್ಟಿಕ್ ಹೊದಿಕೆಯಂತೆ ಅದಿದ್ದರೆ ಮಾತ್ರ ಸಂದೇಶ ಸೋರದೆ ವೇಗವಾಗಿ ಓಡುತ್ತದೆ. ಈ ಹೊದಿಕೆ ನೇಯುವ ಕೋಶಗಳು 24ರಿಂದ 32 ವಾರದ ನಡುವೆ ಇನ್ನೂ ಎಳಸು. ಆಮ್ಲಜನಕ ಕಡಿಮೆಯಾದರೆ, ರಕ್ತದೊತ್ತಡ ಬಿದ್ದರೆ, ನಂಜು ಏರಿದರೆ ಮೊದಲು ಸಾಯುವುದು ಅವೇ. ಕಾಲಿಗೆ ಹೋಗುವ ತಂತುಗಳು ಈ ಜಾಗಕ್ಕೆ ತೀರಾ ಹತ್ತಿರ ಹಾಯುತ್ತವೆ. ಅದಕ್ಕೇ ದಿನ ತುಂಬದ ಮಕ್ಕಳಲ್ಲಿ ಮುಂದೆ ಕಾಣುವ ಬಿಗಿತ ಕೈಗಿಂತ ಕಾಲಲ್ಲಿ ಹೆಚ್ಚು.

ಹೆರಿಗೆಗೆ ಮೊದಲೇ ಆಗಬೇಕಾದ್ದು

ಮಿದುಳಿನ ರಕ್ಷಣೆ ಹೆರಿಗೆಗೆ ಮೊದಲೇ ಶುರುವಾಗುತ್ತದೆ. 34 ವಾರದೊಳಗೆ ನೋವು ಶುರುವಾದರೆ ತಾಯಿಗೆ ಡೆಕ್ಸಾಮೆಥಾಸೋನ್ 6 ಎಂಜಿ ಚುಚ್ಚುಮದ್ದು 12 ತಾಸಿಗೊಮ್ಮೆಯಂತೆ ನಾಲ್ಕು ಸಲ ಕೊಡುತ್ತಾರೆ. ಇದು ಪುಪ್ಪುಸಕ್ಕೆ ಎಂದಷ್ಟೇ ಎಲ್ಲರೂ ತಿಳಿದಿರುತ್ತಾರೆ, ಮಿದುಳಿನ ರಕ್ತಸ್ರಾವವನ್ನೂ ಇದು ತಗ್ಗಿಸುತ್ತದೆ. 32 ವಾರದೊಳಗಿನ ಹೆರಿಗೆ ಇನ್ನೇನು ಆಗುತ್ತದೆ ಎನ್ನುವಾಗ ಕೊಡುವ ಮ್ಯಾಗ್ನೀಸಿಯಂ ಸಲ್ಫೇಟ್ ಮುಂದೆ ಸೆರೆಬ್ರಲ್ ಪಾಲ್ಸಿ (ಮಿದುಳಿನ ಹಾನಿಯಿಂದ ಕೈಕಾಲಿನ ಚಲನೆ ಕೆಡುವ ತೊಂದರೆ) ಬರುವ ಸಾಧ್ಯತೆ ಕಡಿಮೆ ಮಾಡುತ್ತದೆ. ಕೂಸು ಸರಿಯಾಗಿ ಉಸಿರಾಡುತ್ತಿದ್ದರೆ ಹೊಕ್ಕುಳಬಳ್ಳಿ ಕತ್ತರಿಸುವುದನ್ನು ಒಂದು ನಿಮಿಷವಾದರೂ ತಡೆಯಬೇಕು. ಆ ಒಂದು ನಿಮಿಷದಲ್ಲಿ ಮಾಸಿನಲ್ಲಿದ್ದ ರಕ್ತ ಕೂಸಿಗೆ ಬಂದು ರಕ್ತದೊತ್ತಡ ಸ್ಥಿರವಾಗುತ್ತದೆ.

ಎಲ್ಲಕ್ಕಿಂತ ಮುಖ್ಯ, ಜಾಗ. ದೇವದುರ್ಗ, ಲಿಂಗಸುಗೂರು, ಕುಷ್ಟಗಿ, ಸಿರುಗುಪ್ಪದಂಥ ಕಡೆ 30 ವಾರಕ್ಕೆ ನೋವು ಬಂದರೆ, ಸಮಯ ಇದ್ದಲ್ಲಿ, ಕೂಸು ಹೊಟ್ಟೆಯಲ್ಲಿರುವಾಗಲೇ ಜಿಲ್ಲಾ ಕೇಂದ್ರಕ್ಕೆ ಹೋಗಬೇಕು. ರಾಯಚೂರಿನ ರಿಮ್ಸ್, ಕೊಪ್ಪಳದ ವೈದ್ಯಕೀಯ ಕಾಲೇಜು, ನಾವೆಲ್ಲ ಇನ್ನೂ ವಿಮ್ಸ್ ಎಂದೇ ಕರೆಯುವ ಬಳ್ಳಾರಿಯ ವೈದ್ಯಕೀಯ ಕಾಲೇಜು, ಇಂಥ ಕಡೆ ಹುಟ್ಟುವುದಕ್ಕೂ ಹುಟ್ಟಿದ ಮೇಲೆ ಆಂಬುಲೆನ್ಸಿನಲ್ಲಿ ಅಲ್ಲಿಗೆ ಬರುವುದಕ್ಕೂ ಬಹಳ ವ್ಯತ್ಯಾಸ. ಹುಟ್ಟಿದ ಮೇಲೆ ಸಾಗಿಸಿದ ಕೂಸುಗಳಲ್ಲಿ ಮಿದುಳಿನ ರಕ್ತಸ್ರಾವ ಹೆಚ್ಚು: ದಾರಿಯ ಕುಲುಕಾಟ, ಚಳಿ, ಸಕ್ಕರೆ ಇಳಿತ ಮೂರೂ ಒಟ್ಟಿಗೆ ಬೀಳುತ್ತವೆ. ಸಾಗಿಸಲೇಬೇಕಾಗಿ ಬಂದರೆ, ಕೂಸು ಉಸಿರಾಟದಲ್ಲಿ ಸ್ಥಿರವಾಗಿದ್ದರೆ, ತಾಯಿಯ ಇಲ್ಲವೇ ಮನೆಯ ಇನ್ನೊಬ್ಬರ ಬರಿ ಎದೆಗೆ ಕಟ್ಟಿ ಕರೆತರುವುದು ಒಳ್ಳೆಯದು. ಬಟ್ಟೆಯ ಗಂಟಿನಲ್ಲಿ ಸುತ್ತಿ ತಂದ ಕೂಸು ಬರುವಷ್ಟರಲ್ಲಿ ತಣ್ಣಗಾಗಿರುತ್ತದೆ.

ಮೊದಲ ಮೂರು ದಿನ

ಮಿದುಳಿನ ರಕ್ತಸ್ರಾವ ಆಗುವುದಿದ್ದರೆ ಹೆಚ್ಚುಪಾಲು ಮೊದಲ 72 ತಾಸಿನಲ್ಲೇ ಆಗುತ್ತದೆ. ಈ ಹೊತ್ತಿನಲ್ಲಿ ಕೂಸನ್ನು ಎಷ್ಟು ಕಡಿಮೆ ಅಲುಗಿಸುತ್ತೇವೋ ಅಷ್ಟು ಒಳ್ಳೆಯದು. ತಲೆ ಮೈಯ ನೇರಕ್ಕೇ ಇರಬೇಕು, ಒಂದು ಕಡೆಗೆ ಪೂರ್ತಿ ತಿರುಗಿದರೆ ಕುತ್ತಿಗೆಯ ರಕ್ತನಾಳ ಒತ್ತಿ ಮಿದುಳಿನಿಂದ ರಕ್ತ ಇಳಿಯುವುದು ತಡೆಯಾಗುತ್ತದೆ. ಬಟ್ಟೆ ಬದಲಿಸುವಾಗ ಎರಡೂ ಕಾಲು ಹಿಡಿದು ಸೊಂಟದ ಮೇಲಕ್ಕೆತ್ತಬಾರದು. ಹಾಗೆ ಎತ್ತಿದಾಗ ಕೆಳಗಿನ ರಕ್ತ ಒಮ್ಮೆಲೇ ತಲೆಯ ಕಡೆ ನುಗ್ಗುತ್ತದೆ. ಪಕ್ಕಕ್ಕೆ ಹೊರಳಿಸಿ ಬಟ್ಟೆ ಸರಿಸಬೇಕು. ನೆತ್ತಿಯ ಮೆದುಭಾಗದ ಮೂಲಕ ತಲೆಯ ಅಲ್ಟ್ರಾಸೌಂಡ್ ಮಾಡುತ್ತಾರೆ, ಅದಕ್ಕೆ ಕೂಸನ್ನು ಎಲ್ಲಿಗೂ ಒಯ್ಯಬೇಕಿಲ್ಲ. ಮೊದಲ ವಾರದಲ್ಲಿ ಒಂದು, 4ರಿಂದ 6 ವಾರದ ನಡುವೆ ಇನ್ನೊಂದು ಆಗಬೇಕು. ಎರಡನೆಯದನ್ನು ಬಿಡುವವರೇ ಹೆಚ್ಚು. ಬಿಳಿಭಾಗ ಸತ್ತ ಜಾಗದಲ್ಲಿ ಗುಳ್ಳೆಗಳು ಕಾಣಿಸಿಕೊಳ್ಳುವುದಕ್ಕೆ ವಾರಗಳು ಹಿಡಿಯುತ್ತವೆ, ಮೊದಲ ವಾರದ ಚಿತ್ರದಲ್ಲಿ ಅದು ಸಿಗುವುದಿಲ್ಲ.

ರಕ್ತಸ್ರಾವ ಆಗಿದೆ ಎಂದ ಕೂಡಲೇ ಮನೆಯವರು ಕುಸಿಯುತ್ತಾರೆ. ನಾಲ್ಕು ದರ್ಜೆಗಳಿವೆ. ಒಂದು ಮತ್ತು ಎರಡನೇ ದರ್ಜೆಯ ಮಕ್ಕಳು ಬಹುಪಾಲು ಚೆನ್ನಾಗಿ ಬೆಳೆಯುತ್ತಾರೆ. ಮೂರು, ನಾಲ್ಕಕ್ಕೆ ಹೋದರೆ ಅಪಾಯ ಏರುತ್ತದೆ, ತಲೆಯಲ್ಲಿ ನೀರು ಕಟ್ಟುವುದನ್ನೂ ಕಾಯಬೇಕಾಗುತ್ತದೆ. ಡಾಕ್ಟರನ್ನು ‘ಎಷ್ಟನೇ ದರ್ಜೆ, ಎರಡೂ ಕಡೆಯೋ ಒಂದೇ ಕಡೆಯೋ, ನೀರುಕೋಣೆ ಹಿಗ್ಗಿದೆಯೋ’ ಎಂದು ಕೇಳಿ, ಉತ್ತರವನ್ನು ಚೀಟಿಯಲ್ಲಿ ಬರೆಸಿಕೊಳ್ಳಿ.

ಸಕ್ಕರೆ, ಮೈಬಿಸಿ, ಉಸಿರು ಈ ಮೂರು ಒಂದಕ್ಕೊಂದು ಅಂಟಿಕೊಂಡಿವೆ. ಕಂಕುಳಲ್ಲಿ ನೋಡಿದ ಮೈಬಿಸಿ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ಇರಬೇಕು. ಅದಕ್ಕಿಂತ ಇಳಿದರೆ ಕೂಸು ಬಿಸಿ ಹುಟ್ಟಿಸಲು ತನ್ನಲ್ಲಿದ್ದ ಚೂರು ಸಕ್ಕರೆಯನ್ನು ಸುಡುತ್ತದೆ, ಆಮ್ಲಜನಕವೂ ಹೆಚ್ಚು ಬೇಕಾಗುತ್ತದೆ. ಸಕ್ಕರೆ (100 ಮಿ.ಲೀ. ರಕ್ತಕ್ಕೆ) 45 ಎಂಜಿಗಿಂತ ಕೆಳಗಿಳಿದರೆ ಉಸಿರು ತಪ್ಪಬಹುದು, ಉಸಿರು ತಪ್ಪಿದರೆ ಮಿದುಳಿಗೆ ಆಮ್ಲಜನಕ ಇಲ್ಲ. ಒಂದು ಒದ್ದೆ ಬಟ್ಟೆಯಿಂದ ಶುರುವಾದದ್ದು ಹೀಗೆ ಮಿದುಳಿಗೆ ಮುಟ್ಟುತ್ತದೆ. 20 ಸೆಕೆಂಡಿಗಿಂತ ಹೆಚ್ಚು ಉಸಿರು ನಿಲ್ಲುವುದಕ್ಕೆ ಕೆಫೀನ್ ಸಿಟ್ರೇಟ್ ಕೊಡುತ್ತಾರೆ, ಮೊದಲು ಕಿಲೋಗೆ 20 ಎಂಜಿ, ಆಮೇಲೆ ದಿನಕ್ಕೆ ಕಿಲೋಗೆ 5ರಿಂದ 10 ಎಂಜಿ. ಈ ಔಷಧ ಪಡೆದ ಮಕ್ಕಳಲ್ಲಿ ಒಂದೂವರೆ ವರ್ಷದ ಹೊತ್ತಿಗೆ ಸೆರೆಬ್ರಲ್ ಪಾಲ್ಸಿ ಕಡಿಮೆ ಇದ್ದದ್ದನ್ನು 2007ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ತೋರಿಸಿತು.

ಕಾಮಾಲೆ ಬಗ್ಗೆ ಒಂದು ಮಾತು. ನಮ್ಮ ಕಡೆ ಬಿಸಿಲಿಗೆ ಕೊರತೆ ಇಲ್ಲ, ಹಾಗಾಗಿ ‘ಎಳೆಬಿಸಿಲಿಗೆ ಹಿಡಿರಿ, ಹೋಗತೈತಿ’ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಸಣ್ಣ ಕೂಸಿಗೆ ಇದನ್ನು ಮಾಡಬೇಡಿ. ಕಾಮಾಲೆಯ ಹಳದಿ ಅಂಶವಾದ ಬಿಲಿರುಬಿನ್ ಮಿದುಳಿಗೆ ಇಳಿಯುವ ಮಟ್ಟ ದಿನ ತುಂಬಿದ ಕೂಸಿಗಿಂತ ಇವಕ್ಕೆ ಬಹಳ ಕಡಿಮೆ. ಚರ್ಮದ ಬಣ್ಣ ನೋಡಿ ಅಂದಾಜು ಮಾಡುವುದೂ ತಪ್ಪುತ್ತದೆ. ರಕ್ತ ಪರೀಕ್ಷೆ, ಬೇಕಾದರೆ ನೀಲಿ ದೀಪದ ಚಿಕಿತ್ಸೆ, ಇಷ್ಟೇ ದಾರಿ. ಬಿಸಿಲಿಗೆ ಹಿಡಿಯುತ್ತ ಕಳೆದ ಒಂದು ದಿನದಲ್ಲಿ ಕಾಮಾಲೆ ಏರಿ ಕಿವಿ ಕೇಳಿಸದಂತಾಗಬಹುದು.

ಹಾಲಿನ ಲೆಕ್ಕ

ಮಿದುಳು ಬೆಳೆಯುವುದಕ್ಕೆ ಬೇಕಾದ ಕೊಬ್ಬು, ಪ್ರೋಟೀನು ಎರಡೂ ತಾಯಿಹಾಲಿನಲ್ಲಿವೆ. ಗಿಣ್ಣದಂಥ ಮೊದಲ ಹಾಲು ಒಂದೆರಡು ಹನಿ ಬಂದರೂ ಅದನ್ನು ಕೂಸಿನ ಬಾಯಿಗೆ ಮುಟ್ಟಿಸಬೇಕು. ಚೀಪು, ನುಂಗು, ಉಸಿರಾಡು ಈ ಮೂರನ್ನು ಹೊಂದಿಸಿಕೊಳ್ಳುವುದು ಕೂಸಿಗೆ ಬರುವುದು ಸುಮಾರು 34 ವಾರಕ್ಕೆ. ಅದಕ್ಕೂ ಮೊದಲು ಹಾಲು ನಳಿಗೆಯಲ್ಲಿ, 32 ವಾರ ದಾಟಿದ ಮೇಲೆ ಪಾಲಡೆಯಲ್ಲಿ (ಮೂತಿ ಇರುವ ಪುಟ್ಟ ಬಟ್ಟಲು) ಅಥವಾ ಚಮಚೆಯಲ್ಲಿ. ಮನೆಯ ಹಿರಿಯರು ‘ಎದೆಗೆ ಹಾಕ್ರಿ, ಕುಡಿತೈತಿ’ ಎಂದು ಅವಸರ ಮಾಡಿದರೆ ಹಾಲು ಉಸಿರಿಗೆ ಹತ್ತುತ್ತದೆ.

1,500 ಗ್ರಾಂಗಿಂತ ಕಡಿಮೆ ಇರುವ ಕೂಸಿಗೆ ಮೊದಲ ದಿನ ಸಲೈನ್ ಹಾಲು ಎಲ್ಲ ಸೇರಿ ಕಿಲೋಗೆ 80 ಮಿ.ಲೀ., ಆಮೇಲೆ ದಿನಕ್ಕೆ 15ರಿಂದ 20 ಮಿ.ಲೀ. ಏರಿಸುತ್ತ ಕಿಲೋಗೆ 150-180ಕ್ಕೆ ತಲುಪುವುದು ಇಲ್ಲಿನ ಘಟಕಗಳಲ್ಲಿ ರೂಢಿ. ಲೆಕ್ಕ ಹೀಗೆ: ಕೂಸು 1,200 ಗ್ರಾಂ, ಕಿಲೋಗೆ 150 ಎಂದರೆ ದಿನಕ್ಕೆ 180 ಮಿ.ಲೀ. ಎರಡು ತಾಸಿಗೊಮ್ಮೆ ಕೊಟ್ಟರೆ ಒಂದು ಸಲಕ್ಕೆ 15 ಮಿ.ಲೀ. ತಾಯಿ ದಿನಕ್ಕೆ ಎಂಟು ಸಲವಾದರೂ ಹಾಲು ಹಿಂಡಬೇಕು, ರಾತ್ರಿ ಒಂದು ಸಲವಾದರೂ ಸೇರಿ. ಮೊದಲ ವಾರ ರಾತ್ರಿ ಹಿಂಡುವುದನ್ನು ಬಿಟ್ಟರೆ ಮುಂದೆ ಹಾಲು ಬತ್ತಬಹುದು, ಆಮೇಲೆ ಡಬ್ಬಿ ಹಾಲಿನ ಮಾತು ಬರುತ್ತದೆ. 1,500 ಗ್ರಾಂ ಒಳಗಿನವಕ್ಕೆ ತಾಯಿಹಾಲಿಗೆ ಪ್ರೋಟೀನ್, ಕ್ಯಾಲ್ಸಿಯಂ ಸೇರಿಸುವ ಪುಡಿಯನ್ನು ಡಾಕ್ಟರು ಹೇಳಿದರೆ ಮಾತ್ರ, ಹೇಳಿದ ಅಳತೆಯಲ್ಲೇ ಬೆರೆಸಬೇಕು. ಹಾಲು ಪೂರ್ತಿ ಹಿಡಿದ ಮೇಲೆ ದಿನಕ್ಕೆ ಕಿಲೋಗೆ 15-20 ಗ್ರಾಂ ತೂಕ ಏರಬೇಕು.

ಕಬ್ಬಿಣ ಮರೆಯಬಾರದು. ಅದು ಹೊಟ್ಟೆಯೊಳಗೆ ಸಂಗ್ರಹವಾಗುವುದು ಕೊನೆಯ ಮೂರು ತಿಂಗಳಲ್ಲಿ, ಈ ಮಕ್ಕಳಿಗೆ ಅದು ಸಿಕ್ಕೇ ಇಲ್ಲ. ಅದರ ಮೇಲೆ ತಾಯಿಗೂ ರಕ್ತ ಕಡಿಮೆ ಇದ್ದರೆ ಇನ್ನೂ ಕಷ್ಟ. ಎರಡು ವಾರದ ನಂತರ ಡಾಕ್ಟರು ಹೇಳಿದ ದಿನದಿಂದ ದಿನಕ್ಕೆ ಕಿಲೋಗೆ 2-4 ಎಂಜಿ ಕಬ್ಬಿಣ, ಜೊತೆಗೆ ದಿನಕ್ಕೆ 400 ಯುನಿಟ್ ವಿಟಮಿನ್ ಡಿ. ಇಲ್ಲಿ ತಪ್ಪಾಗುವುದು ಬಾಟಲಿಯಲ್ಲಿ: ಒಂದೊಂದು ಕಂಪನಿಯ ಹನಿಮದ್ದಿನಲ್ಲಿ ಒಂದು ಮಿ.ಲೀ.ಗೆ ಒಂದೊಂದು ಪ್ರಮಾಣ. ಅಂಗಡಿಯವರು ಬೇರೆ ಬಾಟಲಿ ಕೊಟ್ಟರೆ ಹಳೇ ಹನಿಲೆಕ್ಕ ಮುಂದುವರಿಸಬೇಡಿ, ಹೊಸ ಬಾಟಲಿ ತೋರಿಸಿ ಎಷ್ಟು ಮಿ.ಲೀ. ಎಂದು ಕೇಳಿ.

ಎದೆಯ ಮೇಲಿನ ತಾಸುಗಳು

ಕೂಸನ್ನು ಬರಿ ಎದೆಗೆ ಕಟ್ಟಿಕೊಂಡು ಬೆಚ್ಚಗಿಡುವ ಕಾಂಗರೂ ತಾಯಿ ಆರೈಕೆ 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಶುರುವಾಯಿತು. 2021ರಲ್ಲಿ ಪ್ರಕಟವಾದ, ಭಾರತವೂ ಸೇರಿದಂತೆ ಐದು ದೇಶಗಳ ಅಧ್ಯಯನದಲ್ಲಿ 1 ಕಿಲೋದಿಂದ 1.8 ಕಿಲೋದೊಳಗಿನ ಕೂಸುಗಳನ್ನು ಸ್ಥಿರವಾಗುವವರೆಗೆ ಕಾಯದೆ ಹುಟ್ಟಿದ ಕೂಡಲೇ ಎದೆಗೆ ಹಾಕಿದಾಗ ಮೊದಲ 28 ದಿನದ ಸಾವು 25% ಕಡಿಮೆಯಾಯಿತು. ಮಿದುಳಿನ ವಿಷಯಕ್ಕೆ ಬಂದರೆ, ಬೊಗೋಟಾದ ಮಕ್ಕಳನ್ನು 20 ವರ್ಷದ ನಂತರ ಮತ್ತೆ ನೋಡಿದಾಗ ಎದೆಯ ಮೇಲೆ ಬೆಳೆದವರು ಶಾಲೆ ತಪ್ಪಿಸಿದ್ದು ಕಡಿಮೆ, ಅತಿ ಚಟುವಟಿಕೆ ಕಡಿಮೆ, ಮಿದುಳಿನ ಬೂದುಭಾಗವೂ ಹೆಚ್ಚು ಇತ್ತು. ಕೊಪ್ಪಳ ಜಿಲ್ಲೆಗೆ ಇದು ಹೊಸದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಬೆಂಬಲದಿಂದ ಸೇಂಟ್ ಜಾನ್ಸ್ ರಿಸರ್ಚ್ ಇನ್‌ಸ್ಟಿಟ್ಯೂಟ್, ಕೆಎಚ್‌ಪಿಟಿ (ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್) ಮತ್ತು ರಾಜ್ಯ ಸರ್ಕಾರ ಸೇರಿ ಎರಡು ಕಿಲೋದೊಳಗಿನ ಕೂಸುಗಳಿಗೆ ಇಡೀ ಜಿಲ್ಲೆಯಲ್ಲಿ ಈ ಆರೈಕೆ ತಲುಪಿಸುವ ಕೆಲಸ ಮಾಡಿದ್ದು ಅಲ್ಲೇ. ಆಸ್ಪತ್ರೆಯಲ್ಲಿ ಶುರುಮಾಡಿ ಮನೆಯಲ್ಲೂ ಮುಂದುವರಿಸಬಹುದು ಎಂಬುದನ್ನು ಅದು ತೋರಿಸಿಕೊಟ್ಟಿತು.

ಮಾಡುವ ಕ್ರಮ ಹೀಗೆ. ತಾಯಿ ಮುಂದೆ ಬಿಚ್ಚುವ ಕುಪ್ಪಸ ಇಲ್ಲವೇ ನೈಟಿ ಹಾಕಿ, ಬೆನ್ನಿಗೆ ದಿಂಬು ಕೊಟ್ಟು ಅರೆ ಒರಗಿ ಕೂಡಬೇಕು. ಕೂಸಿನ ಮೈಮೇಲೆ ಕುಲಾಯಿ, ಕಾಲುಚೀಲ, ಚಡ್ಡಿಬಟ್ಟೆ ಇಷ್ಟೇ. ಎರಡೂ ಮೊಲೆಗಳ ನಡುವೆ ನೆಟ್ಟಗೆ ಇಟ್ಟು, ಕೈಕಾಲು ಮಡಿಸಿ, ತಲೆಯನ್ನು ಒಂದು ಪಕ್ಕಕ್ಕೆ ಹೊರಳಿಸಿ ಗದ್ದ ತುಸು ಮೇಲಿರುವಂತೆ ನೋಡಿಕೊಳ್ಳಬೇಕು. ಗದ್ದ ಎದೆಗೆ ಒತ್ತಿದರೆ ಉಸಿರುದಾರಿ ಮಡಚುತ್ತದೆ. ಇದರಿಂದ ಕೂಸು ನೀಲಿಗಟ್ಟಬಹುದು. ಹಳೇ ಹತ್ತಿ ಸೀರೆಯ ತುಂಡಿನಿಂದ ಕಿವಿಯ ಕೆಳಗಿನಿಂದ ಕುಂಡೆಯವರೆಗೆ ಸುತ್ತಿ ಕಟ್ಟಬೇಕು. ಗಂಟು ಎಷ್ಟು ಬಿಗಿ ಎಂದರೆ ತಾಯಿ ಎದ್ದರೆ ಕೂಸು ಜಾರಬಾರದು, ಕೂಸಿನ ಹೊಟ್ಟೆ ಉಬ್ಬಿ ಇಳಿಯಲು ಜಾಗವೂ ಇರಬೇಕು. ಒಮ್ಮೆ ಹಾಕಿದರೆ ಒಂದು ತಾಸಿಗಿಂತ ಕಡಿಮೆ ಬೇಡ, ಪದೇ ಪದೇ ಎತ್ತಿ ಇಳಿಸಿದರೆ ಕೂಸಿನ ನಿದ್ದೆ ಕೆಡುತ್ತದೆ. ದಿನಕ್ಕೆ ಎಂಟು ತಾಸು ಕನಿಷ್ಠ, ಸಾಧ್ಯವಾದಷ್ಟೂ ಹೆಚ್ಚು. ಒಬ್ಬಳೇ ತಾಯಿಯಿಂದ ಇದು ಆಗದ ಮಾತು. ಅಪ್ಪ, ಅಜ್ಜಿ, ಚಿಕ್ಕಮ್ಮ ಪಾಳಿ ಹಾಕಿಕೊಳ್ಳಬೇಕು. ಅಪ್ಪ ಎದೆಗೆ ಹಾಕಿಕೊಂಡರೆ ನೋಡಿದವರು ಏನಂದಾರು ಎಂಬ ಸಂಕೋಚ ಬೇಡ, ಅವನ ಎದೆಯ ಬಿಸಿಯೂ ಕೂಸಿಗೆ ಅಷ್ಟೇ ಒಳ್ಳೆಯದು.

ಏಪ್ರಿಲ್-ಮೇನಲ್ಲಿ ರಾಯಚೂರಿನ ಬಿಸಿ 40 ಡಿಗ್ರಿ ದಾಟಿದಾಗ ಇದನ್ನು ನಿಲ್ಲಿಸಬೇಕೇ ಎಂದು ಕೇಳುತ್ತಾರೆ. ನಿಲ್ಲಿಸಬೇಕಿಲ್ಲ. ಕುಲಾಯಿ, ಕಾಲುಚೀಲ ತೆಗೆದು, ತೆಳು ಬಟ್ಟೆ ಒಂದೇ ಇಟ್ಟು, ನೆರಳಿನ ಕೋಣೆಯಲ್ಲಿ ಕೂತು ಕಂಕುಳ ಬಿಸಿ ನೋಡುತ್ತಿರಬೇಕು. ಫ್ಯಾನು ಕೋಣೆಯಲ್ಲಿ ತಿರುಗಲಿ, ಕೂಲರಿನ ತೇವದ ಗಾಳಿ ನೇರ ಕೂಸಿನ ಮೇಲೆ ಬೀಳಬಾರದು. 37.5 ದಾಟಿದರೆ ಬಟ್ಟೆ ಸಡಿಲಿಸಿ ಹಾಲು ಕೊಟ್ಟು ಅರ್ಧ ತಾಸಿಗೆ ಮತ್ತೆ ನೋಡಬೇಕು. ಆಗಲೂ ಇಳಿಯದಿದ್ದರೆ ಅದು ಸೆಕೆ ಅಲ್ಲ, ನಂಜಿರಬಹುದು, ಆಸ್ಪತ್ರೆಗೆ ಹೊರಡಬೇಕು. ದಿನಕ್ಕೆ ಆರು ಸಲಕ್ಕಿಂತ ಕಡಿಮೆ ಉಚ್ಚೆ ಹೊಯ್ದರೆ ನೀರಿನಂಶ ಕಡಿಮೆಯಾಗಿದೆ. ಅದಕ್ಕೆ ಹಾಲೇ ಮದ್ದು, ನೀರು ಕುಡಿಸಬಾರದು.

ಬಾಣಂತಿ ಕೋಣೆಯಲ್ಲಿ ಬಿಡಬೇಕಾದ್ದು

ಬಾಣಂತನದ ಹಲವು ಪದ್ಧತಿಗಳು ಒಳ್ಳೆಯವೇ: ತಾಯಿಗೆ ವಿಶ್ರಾಂತಿ, ಹೊರಗಿನವರಿಗೆ ಪ್ರವೇಶ ಇಲ್ಲದಿರುವುದು, ಕುಂಚಿಗೆ. ಆದರೆ ಮಂಚದ ಕೆಳಗಿನ ಅಗ್ಗಿಷ್ಟಿಕೆ, ಲೋಬಾನದ ಹೊಗೆ ಸಣ್ಣ ಕೂಸಿನ ಉಸಿರನ್ನೇ ನಿಲ್ಲಿಸಬಲ್ಲವು. ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಡದ ಅನಿಲ ಕಣ್ಣಿಗೆ ಕಾಣುವುದಿಲ್ಲ. ಕೂಸಿಗೆ ಎರೆಯುವುದನ್ನು ಎರಡೂವರೆ ಕಿಲೋ ಆಗುವವರೆಗೆ ಮುಂದೂಡಿ, ಅಲ್ಲಿಯವರೆಗೆ ಉಗುರುಬೆಚ್ಚನೆ ನೀರಿನ ಬಟ್ಟೆಯಲ್ಲಿ ಒರೆಸಿದರೆ ಸಾಕು. ಮೂಗಿಗೆ, ಬಾಯಿಗೆ ಹರಳೆಣ್ಣೆ ಬಿಡುವುದು ಬೇಡವೇ ಬೇಡ, ಎಣ್ಣೆ ಪುಪ್ಪುಸಕ್ಕೆ ಇಳಿಯುತ್ತದೆ. ಜೇನು, ಸಕ್ಕರೆ ನೀರು, ಬಜೆ ತೇಯ್ದದ್ದು, ಗುಟ್ಟಿ ಯಾವುದೂ ಬೇಡ. ನೆತ್ತಿ ಬಡಿದುಕೊಳ್ಳುವುದು ಸಹಜ, ಅದಕ್ಕೆ ಎಣ್ಣೆ ಒತ್ತಿ ತುಂಬಿಸಬೇಕಿಲ್ಲ. ಆಸ್ಪತ್ರೆಯಲ್ಲಿ ಪಕ್ಕಕ್ಕೆ ಮಲಗಿ ಮಲಗಿ ತಲೆ ಉದ್ದಗಾಗಿರುತ್ತದೆ, ಅದು ತಾನೇ ಸರಿಹೋಗುತ್ತದೆ. ಅಂಗೈಯಲ್ಲಿ ಒತ್ತಿ ದುಂಡಗೆ ಮಾಡಲು ಹೋಗಬೇಡಿ.

ಕೂಸಿಗೆ ಸಾಕಾಗಿದೆ ಎಂಬುದನ್ನು ಅದೇ ಹೇಳುತ್ತದೆ, ನೋಡುವ ಕಣ್ಣು ಬೇಕು. ಮುಖ ಬೇರೆ ಕಡೆ ತಿರುಗಿಸುತ್ತದೆ, ಆಕಳಿಸುತ್ತದೆ, ಬಿಕ್ಕಳಿಸುತ್ತದೆ, ಬೆರಳುಗಳನ್ನು ಅಗಲಿಸಿ ಚಾಚುತ್ತದೆ, ತುಟಿಯ ಸುತ್ತ ಬಣ್ಣ ಮಾಸುತ್ತದೆ. ಆಗ ಮಾತು, ಮುಟ್ಟುವುದು, ಗಿಲಕಿ ಎಲ್ಲ ನಿಲ್ಲಿಸಿ ಅಂಗೈಯನ್ನು ತಲೆಗೂ ಪಾದಕ್ಕೂ ಆನಿಸಿ ಸುಮ್ಮನೆ ಹಿಡಿದಿರಬೇಕು. ಎಚ್ಚರವಿದ್ದು ಕಣ್ಣರಳಿಸಿ ನೋಡುತ್ತಿರುವಾಗ ಮುಖವನ್ನು ಒಂದು ಗೇಣಿನಷ್ಟು ದೂರದಲ್ಲಿಟ್ಟು ಮೆಲ್ಲಗೆ ಮಾತಾಡಿ, ಜೋಗುಳ ಹಾಡಿ. ಆ ಹೊತ್ತಿನ ಮಿದುಳಿಗೆ ಬೇಕಾದ ಆಟಿಕೆ ಅದೇ. ಮೊಬೈಲ್ ಪರದೆ ಬೇಡ.

ತಲೆಯ ಸುತ್ತಳತೆ, ಸರಿಪಡಿಸಿದ ವಯಸ್ಸು, ಕಾಲಿನ ಬಿಗಿತ

ತಲೆಯ ಸುತ್ತಳತೆ ಮಿದುಳಿನ ಬೆಳವಣಿಗೆಯನ್ನು ತೋರಿಸುವ ಅತಿ ಅಗ್ಗದ ಅಳತೆ. ಹಿಗ್ಗದ ಟೇಪನ್ನು ಹುಬ್ಬಿನ ಮೇಲಿಂದ, ಕಿವಿಯ ಮೇಲಿಂದ, ಹಿಂದಲೆಯ ಅತಿ ಉಬ್ಬಿದ ಜಾಗಕ್ಕೆ ತಂದು ಮೂರು ಸಲ ಅಳೆದು ದೊಡ್ಡದನ್ನು ಬರೆಯಬೇಕು. ದರ್ಜಿಯ ಬಟ್ಟೆ ಟೇಪು ಹಿಗ್ಗಿರುತ್ತದೆ, ಅದು ಬೇಡ. ದಿನ ತುಂಬುವ ತಾರೀಖಿನವರೆಗೆ ವಾರಕ್ಕೆ ಅರ್ಧದಿಂದ ಒಂದು ಸೆಂ.ಮೀ. ಬೆಳೆಯುವುದು ಸರಿ. ಆಮೇಲೆ ಮೂರು ತಿಂಗಳು ತಿಂಗಳಿಗೆ ಸುಮಾರು 2 ಸೆಂ.ಮೀ. ವಾರಕ್ಕೆ ಒಂದೂವರೆ-ಎರಡು ಸೆಂ.ಮೀ. ಏರುತ್ತಿದ್ದರೆ, ನೆತ್ತಿ ಉಬ್ಬಿದ್ದರೆ, ಕಣ್ಣುಗುಡ್ಡೆ ಕೆಳಗೆ ಇಳಿದು ಮೇಲೆ ಬಿಳಿಭಾಗ ಕಾಣುತ್ತಿದ್ದರೆ ಅದು ಚೆನ್ನಾಗಿ ಬೆಳೆಯುತ್ತಿರುವ ತಲೆಯಲ್ಲ, ನೀರು ಕಟ್ಟುತ್ತಿದೆ. ಅದೇ ದಿನ ತೋರಿಸಬೇಕು. ತಲೆ ಬೆಳೆಯದೇ ನಿಂತರೂ ಅಷ್ಟೇ ಚಿಂತೆ.

ವಯಸ್ಸನ್ನು ಹುಟ್ಟಿದ ದಿನದಿಂದಲ್ಲ, 40 ವಾರ ತುಂಬುವ ದಿನದಿಂದ ಎಣಿಸಬೇಕು. ಇದೇ ಸರಿಪಡಿಸಿದ ವಯಸ್ಸು. 30 ವಾರಕ್ಕೆ ಹುಟ್ಟಿದ ಕೂಸಿಗೆ ಆರು ತಿಂಗಳು, ಅಂದರೆ 26 ವಾರ ಆಗಿದ್ದರೆ, 10 ವಾರ ಕಳೆದು 16 ವಾರ. ಮೂರೂವರೆ ತಿಂಗಳ ಕೂಸು ಮಾಡುವುದನ್ನು ಅದು ಮಾಡಿದರೆ ಸರಿಯಾಗಿದೆ. ಎರಡು ವರ್ಷದವರೆಗೆ ಹೀಗೇ ಲೆಕ್ಕ. ಲಸಿಕೆಗೆ ಮಾತ್ರ ಹುಟ್ಟಿದ ದಿನಾಂಕವೇ ಆಧಾರ, ಅಲ್ಲಿ ವಾರ ಕಳೆಯಬಾರದು.

ಸರಿಪಡಿಸಿದ ವಯಸ್ಸು ಎರಡು ತಿಂಗಳಾದರೂ ಮುಖ ನೋಡಿ ನಗದಿದ್ದರೆ, ಮೂರು ತಿಂಗಳಿಗೂ ಕಣ್ಣು ನಿಲ್ಲಿಸಿ ನೋಡದಿದ್ದರೆ, ನಾಲ್ಕು ತಿಂಗಳಿಗೂ ಕತ್ತು ನಿಲ್ಲದಿದ್ದರೆ, ಹೆಬ್ಬೆರಳು ಒಳಗಿಟ್ಟು ಮುಷ್ಟಿ ಬಿಗಿದೇ ಇದ್ದರೆ ಕಾಯಬೇಡಿ. ತಾಯಂದಿರು ಮೊದಲು ಗಮನಿಸುವ ಗುರುತು ಇನ್ನೊಂದಿದೆ: ಬಟ್ಟೆ ಬದಲಿಸುವಾಗ ತೊಡೆ ಅಗಲಿಸಲು ಬಿಗಿ, ಎತ್ತಿದಾಗ ಕಾಲು ಕತ್ತರಿಯಾಗುವುದು. ಒಂದು ವರ್ಷದೊಳಗೇ ಒಂದು ಕೈಯನ್ನಷ್ಟೇ ಬಳಸುವುದನ್ನು ‘ಎಡಚ’ ಎಂದು ನಕ್ಕು ಬಿಡಬಾರದು, ಇನ್ನೊಂದು ಕೈ ದುರ್ಬಲ ಇರಬಹುದು.

ಸರಿಪಡಿಸಿದ ಮೂರು ತಿಂಗಳ ಸುತ್ತ ಆರೋಗ್ಯವಂತ ಕೂಸು ಅಂಗಾತ ಮಲಗಿ ಎಚ್ಚರವಿದ್ದಾಗ ಕತ್ತು, ಮಣಿಕಟ್ಟು, ಸೊಂಟ, ಪಾದ ಎಲ್ಲ ಕಡೆ ಸಣ್ಣ ಸಣ್ಣ ಚಲನೆಗಳನ್ನು ಬಿಡದೆ ಮಾಡುತ್ತಿರುತ್ತದೆ. ಇವು ಕಾಣಿಸದಿದ್ದರೆ ಸೆರೆಬ್ರಲ್ ಪಾಲ್ಸಿಯ ಸಾಧ್ಯತೆ ಹೆಚ್ಚು. ತರಬೇತಿ ಪಡೆದವರು ವಿಡಿಯೋ ನೋಡಿ ಇದನ್ನು ಹೇಳಬಲ್ಲರು. ಕೂಸು ಅಳುತ್ತಿರಬಾರದು, ಬಾಯಲ್ಲಿ ನಿಪ್ಪಲ್ ಕೈಯಲ್ಲಿ ಆಟಿಕೆ ಇರಬಾರದು, ಮಾತಾಡಿಸಬಾರದು. ಕೈಕಾಲು ಬರಿದಾಗಿಟ್ಟು ಮೇಲಿನಿಂದ ಇಡೀ ಮೈ ಕಾಣುವಂತೆ ಮೂರು ನಿಮಿಷ ಮೊಬೈಲಿನಲ್ಲಿ ತೆಗೆದುಕೊಂಡು ಹೋಗಿ. ಆರು ತಿಂಗಳೊಳಗೆ ಗೊತ್ತಾದರೆ ಫಿಸಿಯೋಥೆರಪಿ ಬೇಗ ಶುರುವಾಗುತ್ತದೆ. ಆ ವಯಸ್ಸಿನ ಮಿದುಳು ಬೇರೆ ದಾರಿ ಹುಡುಕಿಕೊಳ್ಳಬಲ್ಲದು. ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಯೋಜನೆ ಆರ್‌ಬಿಎಸ್‌ಕೆಯಡಿಯ ಡಿಇಐಸಿ (ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರ) ಇರುವುದು ಇದಕ್ಕೇ. ವಾಕರ್ ಕೊಡಿಸಬೇಡಿ: ಕಾಲು ಬಿಗಿ ಇರುವ ಕೂಸು ಅದರಲ್ಲಿ ತುದಿಗಾಲಲ್ಲಿ ನಿಂತು ಬಿಗಿತ ಹೆಚ್ಚಿಸಿಕೊಳ್ಳುತ್ತದೆ.

ಕಣ್ಣಿನ ರೆಟಿನಾ ಪರೀಕ್ಷೆಗೆ ಕಡೆಯ ದಿನ ಇದೆ. 34 ವಾರದೊಳಗೆ ಅಥವಾ ಎರಡು ಕಿಲೋದೊಳಗೆ ಹುಟ್ಟಿದ್ದರೆ 30 ದಿನದೊಳಗೆ, 28 ವಾರ ಅಥವಾ 1,200 ಗ್ರಾಂ ಒಳಗಿದ್ದರೆ ಎರಡು-ಮೂರು ವಾರದಲ್ಲೇ ಮೊದಲ ಪರೀಕ್ಷೆ ಆಗಬೇಕು. ಕೂಸು ನೋಡುತ್ತಿರುವಂತೆಯೇ ಕಾಣುತ್ತದೆ, ರೆಟಿನಾ ಕೆಡುತ್ತಿದ್ದರೂ ಮನೆಯಲ್ಲಿ ಗೊತ್ತಾಗುವುದಿಲ್ಲ. ಕಿವಿಗೆ ಮೊದಲ ತಿಂಗಳಲ್ಲಿ ತಪಾಸಣೆ, ಮೂರು ತಿಂಗಳೊಳಗೆ ಖಚಿತ, ಆರು ತಿಂಗಳೊಳಗೆ ಶ್ರವಣ ಸಾಧನ. ಎಸ್‌ಎನ್‌ಸಿಯುನಲ್ಲಿದ್ದ ಕೂಸಿಗೆ ಬೇರಾ (ಶಬ್ದ ಮಿದುಳಿಗೆ ಮುಟ್ಟುತ್ತಿದೆಯೇ ಎಂದು ನೋಡುವ) ಪರೀಕ್ಷೆಯನ್ನೇ ಕೇಳಿ.

ಈ ಎಲ್ಲ ತಾರೀಖುಗಳು ತಪ್ಪುವುದು ಹೆಚ್ಚಾಗಿ ಗುಳೆ ಹೋದಾಗ. ಆಶಾ ಕಾರ್ಯಕರ್ತೆ 3, 7, 14, 21, 28, 42ನೇ ದಿನ ಮನೆಗೆ ಬರುತ್ತಾರೆ, ಬೀಗ ಹಾಕಿದ ಮನೆಗೆ ಬಂದು ಏನು ಮಾಡಿಯಾರು? ಹೋಗಲೇಬೇಕಿದ್ದರೆ ಅವರಿಗೆ ಮೊದಲೇ ಹೇಳಿ, ಹೋದ ಊರಿನಲ್ಲಿ ಹತ್ತಿರದ ಸರ್ಕಾರಿ ಆಸ್ಪತ್ರೆ ಯಾವುದೆಂದು ಕೇಳಿಕೊಳ್ಳಿ. ಡಿಸ್ಚಾರ್ಜ್ ಚೀಟಿ, ತಲೆಯ ಅಲ್ಟ್ರಾಸೌಂಡ್ ವರದಿ, ಕಣ್ಣು ಕಿವಿ ಪರೀಕ್ಷೆಯ ಚೀಟಿ, ತಾಯಿ ಕಾರ್ಡ್ ಎಲ್ಲ ಒಂದೇ ಪ್ಲಾಸ್ಟಿಕ್ ಚೀಲದಲ್ಲಿರಲಿ. ಹುಟ್ಟಿದ ವಾರ, ಹುಟ್ಟಿದ ತೂಕ, ರಕ್ತಸ್ರಾವದ ದರ್ಜೆ, ಮುಂದಿನ ಕಣ್ಣಿನ ಪರೀಕ್ಷೆಯ ತಾರೀಖು, ಈ ನಾಲ್ಕನ್ನು ಮೇಲಿನ ಹಾಳೆಯಲ್ಲಿ ದಪ್ಪಕ್ಷರದಲ್ಲಿ ಬರೆಸಿ, ಅಪ್ಪನ ಮೊಬೈಲಿನಲ್ಲೂ ಅವ್ವನ ಮೊಬೈಲಿನಲ್ಲೂ ಅದರ ಫೋಟೊ ತೆಗೆದಿಟ್ಟುಕೊಳ್ಳಿ.